ನಿದ್ರೆ ಬಾರದವರ ಚೀಲದಲ್ಲಿ ಏನಿದೆ?

ಅರವತ್ತು ದಾಟಿದವರು ಯಾರೇ ಮದ್ದೂರಿನ ನನ್ನ ಚಿಕಿತ್ಸಾಲಯಕ್ಕೆ ಬಂದು ‘ಮೈಕೈ ನೋವು, ರಾತ್ರಿ ನಿದ್ರೆಯಿಲ್ಲ’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ, ನಾಡಿ ಹಿಡಿಯುವ ಮೊದಲು ಅವರಿಗೆ ನಾನು ಒಂದು ಕೆಲಸ ಹೇಳುತ್ತೇನೆ. ಈಗ ನೀವು ನುಂಗುತ್ತಿರುವ, ಕುಡಿಯುತ್ತಿರುವ, ಹಚ್ಚಿಕೊಳ್ಳುತ್ತಿರುವ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ನಾಳೆ ಬನ್ನಿ. ‘ಇದು ಔಷಧಿಯಲ್ಲ, ಬರೀ ಶಕ್ತಿಗೆ’ ಎಂದುಕೊಂಡು ಯಾವುದನ್ನೂ ಮನೆಯಲ್ಲಿ ಬಿಟ್ಟುಬರಬೇಡಿ ಎನ್ನುತ್ತೇನೆ. ಶ್ರೀಮಠದ ಆರೋಗ್ಯ ತಪಾಸಣಾ ಶಿಬಿರಗಳಲ್ಲಿಯೂ ಇದೇ ಕ್ರಮವನ್ನು ಇಟ್ಟುಕೊಂಡಿದ್ದೇನೆ. ಮೊದಲು ಕೆಲವರು ಬೇಸರಪಟ್ಟುಕೊಳ್ಳುತ್ತಿದ್ದರು. ಈಗ ನನ್ನನ್ನು ಬಲ್ಲವರು ಚೀಲ ಹಿಡಿದುಕೊಂಡೇ ಬರುತ್ತಾರೆ.

ಹತ್ತು ವರ್ಷಗಳ ಹಿಂದೆ ಆ ಚೀಲದಲ್ಲಿ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಒಂದು ನೋವಿನ ಎಣ್ಣೆ ಇರುತ್ತಿದ್ದವು. ಈಚೆಗೆ ಬಣ್ಣಬಣ್ಣದ ಡಬ್ಬಿಗಳು ಸೇರಿಕೊಂಡಿವೆ. ಮೆಲಟೋನಿನ್ ಇರುವ ಮಿಠಾಯಿಯಂಥ ಗಮ್ಮಿಗಳು, ಮೆಗ್ನೀಷಿಯಂ ಮಾತ್ರೆಗಳು, ಅಶ್ವಗಂಧದ ಕ್ಯಾಪ್ಸೂಲ್‌ಗಳು, ತಗರ ಮತ್ತು ಜಟಾಮಾಂಸಿ ಬೆರೆಸಿದ್ದೆಂದು ಹೇಳುವ ಗುಳಿಗೆಗಳು. ಬಹುತೇಕ ಇವು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಮೊಬೈಲಿನಲ್ಲಿ ತರಿಸಿ ಊರಿಗೆ ಕಳುಹಿಸಿದವು. ಅಪ್ಪ ಅಮ್ಮ ರಾತ್ರಿಯಿಡೀ ನರಳುತ್ತಾರೆ ಎಂಬ ಸಂಕಟ ಮಕ್ಕಳಿಗೆ. ಬಂದು ಪಕ್ಕದಲ್ಲಿ ಕೂರಲು ರಜೆಯಿಲ್ಲ. ಆ ಪ್ರೀತಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಡಬ್ಬಿಗಳ ಬಗ್ಗೆ ನನಗೊಂದು ಅಭಿಪ್ರಾಯವಿದೆ. ಅದನ್ನು ಹೇಳುವ ಮೊದಲು ಒಂದು ಚೀಲದ ಕಥೆಯನ್ನು ಹೇಳಬೇಕು.

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಿಂದ ಅರವತ್ತನಾಲ್ಕು ವರ್ಷದ ತಾಯಿಯೊಬ್ಬರು ಬಂದಿದ್ದರು. ರೇಷ್ಮೆ ಹುಳು ಸಾಕುವ ಮನೆ. ಎಂಟು ವರ್ಷಗಳಿಂದ ಎರಡೂ ಮಂಡಿ ನೋವು. ‘ರಾತ್ರಿಯೆಲ್ಲಾ ರೆಪ್ಪೆ ಅಂಟಾಕಿಲ್ಲ ಕಣಪ್ಪ. ಮಗ ಕಳ್ಸಿರೋ ಮಿಠಾಯಿ ತಿಂದ್ರೂ ಅಷ್ಟೇ, ತಿನ್ನದಿದ್ರೂ ಅಷ್ಟೇ’ ಎಂದರು. ಚೀಲವನ್ನು ಮೇಜಿನ ಮೇಲೆ ಸುರಿದೆ. ಗಮ್ಮಿ ಡಬ್ಬಿ ಒಂದು, ಅಶ್ವಗಂಧದ ಡಬ್ಬಿ ಒಂದು, ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆಯ ಪಟ್ಟಿ ಒಂದು. ಇವುಗಳ ಕೆಳಗೆ, ಹಳೆಯ ದಿನಪತ್ರಿಕೆಯ ತುಂಡುಗಳಲ್ಲಿ ಕಟ್ಟಿದ ಕಂದು ಬಣ್ಣದ ಪುಡಿಯ ಹತ್ತಾರು ಪೊಟ್ಟಣಗಳು. ಸಂತೆಗೆ ಬರುವ ಒಬ್ಬಾತ ಕೊಡುವ ‘ನಾಟಿ ಔಷಧಿ’. ಬೆಳಿಗ್ಗೆ ಒಂದು, ರಾತ್ರಿ ಊಟವಾದ ಮೇಲೆ ಒಂದು. ತೆಗೆದುಕೊಂಡ ಮರುದಿನವೇ ನೋವು ಅರ್ಧ ಇಳಿದಿತ್ತಂತೆ.

ನಾಲ್ಕು ದಶಕಗಳಿಂದ ಗಿಡಮೂಲಿಕೆಗಳನ್ನು ಕೊಡುತ್ತಿರುವ ನನಗೆ ಗೊತ್ತಿರುವ ಮಟ್ಟಿಗೆ, ಎಂಟು ವರ್ಷದ ಸಂಧಿಗತ ವಾತವನ್ನು ಒಂದೇ ದಿನದಲ್ಲಿ ಅರ್ಧಕ್ಕಿಳಿಸುವ ಬೇರೂ ಇಲ್ಲ, ಎಲೆಯೂ ಇಲ್ಲ. ಆ ತಾಯಿಯ ಮುಖ ದುಂಡಗೆ ಊದಿತ್ತು. ತೋಳಿನ ಚರ್ಮ ತೆಳುವಾಗಿ ಅಲ್ಲಲ್ಲಿ ನೀಲಿಗಟ್ಟಿತ್ತು. ಹಿಂದಿಲ್ಲದ ಸಕ್ಕರೆ ಕಾಯಿಲೆ ಆರು ತಿಂಗಳಿಂದ ಕಾಣಿಸಿಕೊಂಡಿತ್ತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದೆ ಎಂಬ ಸಂಶಯ ನನಗೆ ಅಲ್ಲೇ ಬಂತು. ಮಂಡ್ಯದ ಒಬ್ಬ ಎಂ.ಡಿ. ವೈದ್ಯರ ಬಳಿಗೆ ಕಳುಹಿಸಿದೆ. ರಕ್ತಪರೀಕ್ಷೆಯಲ್ಲಿ ಆಕೆಯ ದೇಹ ತಾನಾಗಿ ಕಾರ್ಟಿಸಾಲ್ ತಯಾರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿರುವುದು ತಿಳಿದುಬಂತು. ಹೊರಗಿನಿಂದ ಸ್ಟೀರಾಯ್ಡ್ ಬಹುಕಾಲ ಬಂದರೆ ಹೀಗಾಗುತ್ತದೆ. ಇಂಥವರು ಪುಡಿಯನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ವೈದ್ಯರ ನಿಗಾದಲ್ಲಿ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಈ ಲೇಖನ ಓದಿ ಯಾರಾದರೂ ಮನೆಯಲ್ಲಿರುವ ಅಂಥ ಪೊಟ್ಟಣವನ್ನು ಇವತ್ತೇ ಬಚ್ಚಲಿಗೆ ಚೆಲ್ಲಿ ಸುಮ್ಮನಾದಾರು ಎಂಬ ಭಯದಿಂದ ಇದನ್ನು ಒತ್ತಿ ಬರೆಯುತ್ತಿದ್ದೇನೆ.

ನಿದ್ರೆಗೂ ಇದಕ್ಕೂ ಏನು ಸಂಬಂಧ? ಕಾರ್ಟಿಸಾಲ್ ನಮ್ಮ ದೇಹದಲ್ಲಿ ಬೆಳಗಿನ ಜಾವ ಏರಿ, ರಾತ್ರಿಯ ಹೊತ್ತಿಗೆ ಇಳಿಯುವ ವಸ್ತು. ಎಚ್ಚರದ ಜೊತೆಗಾರ ಎನ್ನಬಹುದು. ಆಸ್ಪತ್ರೆಯ ವೈದ್ಯರು ಸ್ಟೀರಾಯ್ಡ್ ಕೊಡಲೇಬೇಕಾದಾಗ ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯ ನಂತರ ಕೊಡುವುದು ಅದಕ್ಕಾಗಿಯೇ. ಈ ತಾಯಿ ಅದನ್ನು ರಾತ್ರಿ ಊಟದ ನಂತರ ನುಂಗಿ, ಕಣ್ಣು ಬಿಟ್ಟುಕೊಂಡು ಮಲಗುತ್ತಿದ್ದರು. ಅಮ್ಮನಿಗೆ ನಿದ್ರೆಯಿಲ್ಲ ಎಂದು ಮಗ ಗಮ್ಮಿ ಕಳುಹಿಸಿದ. ಗಮ್ಮಿಯಿಂದ ಆಗಲಿಲ್ಲ ಎಂದು ಅಶ್ವಗಂಧ ಬಂತು. ಎಬ್ಬಿಸುವ ಮದ್ದನ್ನು ನಿಲ್ಲಿಸದೆ, ಮಲಗಿಸುವ ಮದ್ದನ್ನು ಅದರ ಮೇಲೆ ಪೇರಿಸುತ್ತಾ ಹೋದರು.

ಬಹುಕಾಲದ ನೋವಿರುವವರ ನಿದ್ರಾನಾಶಕ್ಕೆ ಪೂರಕ ಗುಳಿಗೆಯನ್ನು ಮೊದಲ ಮದ್ದಾಗಿ ಕೊಡುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಅದು ಅಲೋಪತಿಯ ಹೆಸರಿನಲ್ಲಿ ಬಂದರೂ ತಪ್ಪೇ, ನಮ್ಮ ಆಯುರ್ವೇದದ ಹೆಸರಿನಲ್ಲಿ ಬಂದರೂ ತಪ್ಪೇ. ರಾತ್ರಿ ಇವರನ್ನು ಎಬ್ಬಿಸುತ್ತಿರುವುದು ಏನು ಎಂದು ಯಾರಾದರೂ ಕೂತು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಡಬ್ಬಿಯ ಮುಚ್ಚಳ ತೆರೆಯಬಾರದು.

ನೋವಿನಿಂದ ನಿದ್ರೆ ಕೆಡುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ನಿದ್ರೆ ಕೆಟ್ಟರೆ ನೋವು ಹೆಚ್ಚುತ್ತದೆಂಬುದನ್ನು ರೋಗಿಗಳು ಅಷ್ಟಾಗಿ ಗಮನಿಸುವುದಿಲ್ಲ. 1975ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹಾರ್ವೆ ಮೊಲ್ಡೊಫ್ಸ್ಕಿ ಎಂಬ ವೈದ್ಯರು ಯಾವ ನೋವೂ ಇಲ್ಲದ ಆರೋಗ್ಯವಂತರನ್ನು ಮಲಗಿಸಿ, ಗಾಢ ನಿದ್ರೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಕದಡಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೆ ಮೈಕೈ ನೋವು, ಸ್ನಾಯುಗಳನ್ನು ಒತ್ತಿದರೆ ನೋವು ಕಾಣಿಸಿಕೊಂಡಿತು. 2013ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಸಮೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಂದಿನ ನೋವು ನಾಳೆಯ ನಿದ್ರೆಯನ್ನು ಕೆಡಿಸುವುದಕ್ಕಿಂತ, ಇಂದಿನ ಕೆಟ್ಟ ನಿದ್ರೆ ನಾಳೆಯ ನೋವನ್ನು ಹೆಚ್ಚಿಸುವ ಸಂಬಂಧವೇ ಹೆಚ್ಚು ಬಲವಾಗಿ ಕಾಣುತ್ತದೆ ಎಂದು ಅದು ಹೇಳಿತು. ಆದ್ದರಿಂದ ನಿದ್ರೆಯನ್ನು ಸರಿಪಡಿಸುವುದು ನೋವಿನ ಚಿಕಿತ್ಸೆಯ ಭಾಗವೇ ಆಗಿದೆ. ಪೂರಕಗಳನ್ನು ಮಾರುವವರೂ ಇದೇ ಮಾತನ್ನು ಹೇಳುತ್ತಾರೆ, ಮತ್ತು ಅಷ್ಟರ ಮಟ್ಟಿಗೆ ಸರಿಯಾಗಿಯೇ ಹೇಳುತ್ತಾರೆ. ತಕರಾರು ಇರುವುದು ಅವರ ಡಬ್ಬಿ ಆ ಕೆಲಸವನ್ನು ಎಷ್ಟು ಮಾಡುತ್ತದೆ ಎಂಬುದರಲ್ಲಿ.

ಮೆಲಟೋನಿನ್ ಎಂಬುದು ಮಿದುಳಿನ ಪೀನಿಯಲ್ ಗ್ರಂಥಿ ಕತ್ತಲಾದ ಮೇಲೆ ಸ್ರವಿಸುವ ವಸ್ತು. 1958ರಲ್ಲಿ ಅಮೆರಿಕದ ಆರನ್ ಲರ್ನರ್ ಅದನ್ನು ಗುರುತಿಸಿದರು. ‘ಕತ್ತಲಾಯಿತು’ ಎಂದು ದೇಹಕ್ಕೆ ಹೇಳುವುದು ಅದರ ಕೆಲಸ. ಹೊತ್ತು ತಪ್ಪಿದವರಿಗೆ, ಅಂದರೆ ವಿಮಾನದಲ್ಲಿ ದೂರದೇಶಕ್ಕೆ ಹೋಗಿ ಹಗಲು ರಾತ್ರಿ ಅದಲುಬದಲಾದವರಿಗೆ ಅದು ಉಪಯುಕ್ತ. ಮಂಡಿ ಚುಚ್ಚಿ ಎಚ್ಚರವಾಗುವವರಿಗೆ ಕತ್ತಲಾಗಿದೆ ಎಂದು ಯಾರೂ ಹೇಳಬೇಕಾಗಿಲ್ಲ; ಅವರು ರಾತ್ರಿಯಿಡೀ ಅದನ್ನೇ ನೋಡುತ್ತಿರುತ್ತಾರೆ. ಹಲವು ಪ್ರಯೋಗಗಳನ್ನು ಸೇರಿಸಿ 2013ರಲ್ಲಿ ಲೆಕ್ಕ ಹಾಕಿದಾಗ, ಮೆಲಟೋನಿನ್ ತೆಗೆದುಕೊಂಡವರು ಸರಾಸರಿ ಏಳು ನಿಮಿಷ ಬೇಗ ನಿದ್ರೆಗೆ ಜಾರಿದರು, ಎಂಟು ನಿಮಿಷ ಹೆಚ್ಚು ಮಲಗಿದರು. ಅಷ್ಟು ಹೊತ್ತಿನಲ್ಲಿ ಒಲೆಯಿಂದ ಇಳಿಸಿದ ಹಾಲು ಕುಡಿಯುವ ಹದಕ್ಕೆ ಆರುತ್ತದೆ. 2017ರಲ್ಲಿ ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ, ವಯಸ್ಕರ ನಿದ್ರಾಹೀನತೆಗೆ ಇದನ್ನು ಬಳಸದಿರುವುದೇ ಲೇಸು ಎಂದು ಸಲಹೆ ಕೊಟ್ಟಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 55 ದಾಟಿದವರಿಗಾಗಿ ನಿಧಾನವಾಗಿ ಕರಗುವ 2 ಮಿಲಿಗ್ರಾಂ ಮಾತ್ರೆಗೆ ಯೂರೋಪಿನಲ್ಲಿ 2007ರಲ್ಲೇ ಅನುಮತಿ ದೊರೆತಿದೆ. ಮೈಯೆಲ್ಲಾ ನೋಯುವ ಫೈಬ್ರೊಮಯಾಲ್ಜಿಯಾ ರೋಗದಲ್ಲಿ ಅದು ನೋವನ್ನೂ ಸ್ವಲ್ಪ ತಗ್ಗಿಸಬಹುದೆಂದು ಕೆಲವು ಸಣ್ಣ ಅಧ್ಯಯನಗಳು ಸೂಚಿಸಿವೆ. ವೈದ್ಯರು ನೋಡಿ, ಅಳತೆ ಹೇಳಿ, ಇಂತಿಷ್ಟು ವಾರ ಎಂದು ಕೊಟ್ಟರೆ ನನ್ನ ವಿರೋಧವಿಲ್ಲ.

ಆದರೆ ಆ ಗಮ್ಮಿಯಲ್ಲಿ ಅಳತೆ ಎಲ್ಲಿದೆ? 2017ರಲ್ಲಿ ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಪೂರಕಗಳನ್ನು ಪರೀಕ್ಷಿಸಿದರು. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಶೇ. 83ರಷ್ಟು ಕಡಿಮೆ ಇದ್ದದ್ದೂ ಇತ್ತು, ಶೇ. 478ರಷ್ಟು ಹೆಚ್ಚು ಇದ್ದದ್ದೂ ಇತ್ತು. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿಗಳನ್ನು ನೋಡಿದಾಗ 22ರಲ್ಲಿ ಬರೆದದ್ದಕ್ಕೂ ಇದ್ದದ್ದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಂತೂ ಮೆಲಟೋನಿನ್ ಇರಲೇ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹೃದ್ರೋಗಿಗೆ ಈ ಲೆಕ್ಕ ತಪ್ಪುವುದು ಸಣ್ಣ ವಿಷಯವಲ್ಲ. ನಮ್ಮ ದೇಶದ ನಿಯಮದಂತೆ ಆರೋಗ್ಯ ಪೂರಕದ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಸಂಸ್ಥೆಯ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಜೊತೆಗೆ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಮನೆಯಲ್ಲಿ ಡಬ್ಬಿ ಇದ್ದರೆ ಮೊಮ್ಮಕ್ಕಳ ಕೈಯಲ್ಲಿ ಓದಿಸಿ ನೋಡಿ. ತಾನು ಔಷಧಿಯಲ್ಲ ಎಂದು ಡಬ್ಬಿಯೇ ಒಪ್ಪಿಕೊಂಡಿದೆ.

ಮೆಗ್ನೀಷಿಯಂ ಕುರಿತು ಹೆಚ್ಚು ಹೇಳುವುದಿಲ್ಲ. ನಿದ್ರೆಗೆ ಅದರ ಪುರಾವೆ ತೆಳು. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲಿ ಶೇಖರವಾಗಿ ತೊಂದರೆ ಕೊಡುತ್ತದೆ; ಥೈರಾಯ್ಡ್ ಮಾತ್ರೆಯೊಡನೆ ಒಟ್ಟಿಗೆ ನುಂಗಿದರೆ ಆ ಮಾತ್ರೆಯೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ರಾಗಿ, ಸೊಪ್ಪು, ಕಾಳು ತಿನ್ನುವ ನಮ್ಮ ಜನಕ್ಕೆ ಊಟದಲ್ಲೇ ಅದು ಸಿಗುತ್ತದೆ.

ಇನ್ನು ನಮ್ಮವರ ಡಬ್ಬಿ. ಅಶ್ವಗಂಧವನ್ನು ನಾನು ಕೊಡುತ್ತೇನೆ, ಮುಂದೆಯೂ ಕೊಡುತ್ತೇನೆ. ಐದು ಪ್ರಯೋಗಗಳಲ್ಲಿದ್ದ 400 ಮಂದಿಯನ್ನು ಒಟ್ಟಾಗಿ ನೋಡಿದ 2021ರ ಒಂದು ವಿಶ್ಲೇಷಣೆ, ನಿದ್ರೆಗೆ ಅದರಿಂದ ಸಣ್ಣದಾದರೂ ನಿಜವಾದ ಪ್ರಯೋಜನವಿದೆ ಎಂದಿದೆ. ಅದೂ ಎಂಟು ವಾರ ತೆಗೆದುಕೊಂಡವರಲ್ಲಿ ಹೆಚ್ಚು. ಆದರೆ ‘ಗಿಡಮೂಲಿಕೆ, ಆದ್ದರಿಂದ ಅಪಾಯವಿಲ್ಲ’ ಎನ್ನುವ ನನ್ನ ಸಹೋದ್ಯೋಗಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಅಶ್ವಗಂಧದ ಪೂರಕ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಪೆಟ್ಟುಬಿದ್ದು ಕಾಮಾಲೆಯಾದ ವರದಿಗಳು ಹಲವು ದೇಶಗಳಿಂದ ಬಂದಿವೆ; ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಅತಿಯಾಯಿತು ಎಂಬುದು ನನ್ನ ಭಾವನೆ. ಹಾಗೆಂದು ಆ ಕಾಮಾಲೆಯ ರೋಗಿಗಳನ್ನು ಮರೆಯಲಾಗದು. ಶಾಸ್ತ್ರ ಹೇಳುವುದು ಬೇರನ್ನು. ಎಲೆಯನ್ನು ಬೆರೆಸಬೇಡಿ ಎಂದು ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ಸೂಚಿಸಬೇಕಾಯಿತು. ಥೈರಾಯ್ಡ್ ಮಾತ್ರೆ ನುಂಗುವವರು, ಯಕೃತ್ತಿನ ರೋಗವಿರುವವರು, ಗರ್ಭಿಣಿಯರು, ಈಗಾಗಲೇ ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಿ.ಎ.ಎಂ.ಎಸ್. ಮುಗಿಸಿ ಬಂದ ಹೊಸತು. ಲಾರಿಗೆ ಕಬ್ಬು ತುಂಬುವ ಕೆಲಸದಿಂದ ಸೊಂಟ ಹಿಡಿದುಕೊಂಡಿದ್ದ ಒಬ್ಬ ಯುವಕ ನಿದ್ರೆಯಿಲ್ಲ ಎಂದು ಬಂದ. ಸೊಂಟವನ್ನು ಸರಿಯಾಗಿ ಪರೀಕ್ಷಿಸುವ ತಾಳ್ಮೆ ನನಗಿರಲಿಲ್ಲ. ಸರ್ಪಗಂಧ ಪ್ರಧಾನವಾದ ಗುಳಿಗೆ ಬರೆದುಕೊಟ್ಟೆ. ಮೂರೇ ದಿನದಲ್ಲಿ ನಿದ್ರೆ ಬಂತು. ನನಗೋ ಹೆಮ್ಮೆ. ಎರಡು ತಿಂಗಳ ನಂತರ ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಬಂದು, ‘ಇವ್ರು ಮಾತೇ ಆಡಾಕಿಲ್ಲ, ಗದ್ದೆ ಕಡೆ ತಿರುಗೂ ನೋಡಾಕಿಲ್ಲ, ಗ್ವಾಡೆ ನೋಡ್ಕಂಡು ಕೂತಿರ್ತಾರೆ. ಏನ್ ಕೊಟ್ರಿ ಡಾಕ್ಟ್ರೇ?’ ಎಂದು ಕೇಳಿದಳು. ಸರ್ಪಗಂಧ ಸಾಧಾರಣ ಗಿಡವಲ್ಲ. ರಕ್ತದೊತ್ತಡ ಇಳಿಸುವ ಅದರ ಗುಣವನ್ನು ಮುಂಬಯಿಯ ಹೃದ್ರೋಗ ತಜ್ಞ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಲೋಕಕ್ಕೆಲ್ಲ ತಿಳಿಸಿದ್ದರು. ಅದರಿಂದ ತೆಗೆದ ರಿಸರ್ಪಿನ್ ಕೆಲವರನ್ನು ಮಂಕು ಮತ್ತು ಖಿನ್ನತೆಗೆ ದೂಡುತ್ತದೆಂಬ ಎಚ್ಚರಿಕೆ 1950ರ ದಶಕದಲ್ಲೇ ಬಂದಿತ್ತು. ನಾನು ಅದನ್ನು ಓದಿದ್ದೆ, ಪರೀಕ್ಷೆಗಾಗಿ ಓದಿದ್ದೆ. ಗುಳಿಗೆ ನಿಲ್ಲಿಸಿದ ಮೇಲೆ ಆ ಹುಡುಗ ಮೊದಲಿನಂತಾಗಲು ಬಹಳ ವಾರಗಳು ಬೇಕಾದವು. ಸೊಂಟದ ನೋವು ಅಲ್ಲೇ ಇತ್ತು.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವನ್ನು ನಾನು ನಿಜವಾಗಿ ಓದಿದ್ದು ಆಮೇಲೆ. ನಿದ್ರಾನಾಶಕ್ಕೆ ಅಲ್ಲಿ ಐದು ಕಾರಣಗಳನ್ನು ಹೇಳಿದೆ: ಕಾರ್ಯ, ಕಾಲ, ವಿಕಾರ, ಪ್ರಕೃತಿ, ವಾಯು. ಕೆಲಸ, ವಯಸ್ಸು, ರೋಗ, ಹುಟ್ಟುಗುಣ, ವಾತದ ಕೆರಳಿಕೆ ಎಂದು ಸರಳವಾಗಿ ತಿಳಿಯಬಹುದು. ಕೆಲಸವನ್ನು ಮೊದಲು ಹೇಳಿರುವುದು ನನಗೆ ಅರ್ಥಪೂರ್ಣವಾಗಿ ಕಂಡಿದೆ. ನಮ್ಮ ಮಂಡ್ಯ ಸೀಮೆಯ ಕೆಲಸವನ್ನೇ ನೋಡಿ. ನಾಲೆಯ ನೀರು ತಲುಪದ ಕಡೆ ಕೊಳವೆ ಬಾವಿಯೇ ಗತಿ. ತ್ರೀ ಫೇಸ್ ಕರೆಂಟು ಕೆಲವು ವಾರ ಹಗಲು, ಕೆಲವು ವಾರ ನಡುರಾತ್ರಿ. ಎಪ್ಪತ್ತರ ಮುದುಕರು ಟಾರ್ಚು ಹಿಡಿದು, ಹಾವಿಗೆ ಅಂಜುತ್ತಾ, ತಣ್ಣನೆಯ ಕೆಸರಿನಲ್ಲಿ ನಿಂತು ಕಬ್ಬಿಗೆ ನೀರು ಕಟ್ಟುತ್ತಾರೆ. ಆಲೆಮನೆಯಲ್ಲಿ ರಾತ್ರಿ ಪಾಳಿ ಮಾಡುವವರು ಕೊಪ್ಪರಿಗೆಯ ಕಾವಿನಿಂದ ನೇರ ಚಳಿಗೆ ಬರುತ್ತಾರೆ. ರೇಷ್ಮೆಯ ಮನೆಯವರ ಪಾಡು ಬೇರೆಯೇ. ನಾಲ್ಕನೆಯ ಜ್ವರದಿಂದ ಎದ್ದ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಹೆಚ್ಚಿನ ಪಾಲನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ರಾತ್ರಿ ಹನ್ನೊಂದಕ್ಕೆ ಸೊಪ್ಪು, ಬೆಳಗಿನ ಜಾವ ಮತ್ತೆ ಸೊಪ್ಪು; ಹುಳು ಹಣ್ಣಾದ ದಿನ ಚಂದ್ರಿಕೆಗೆ ಬಿಡುವವರೆಗೆ ಯಾರೂ ಮಲಗುವಂತಿಲ್ಲ. ಬಗ್ಗಿ ಬಗ್ಗಿ ಸೊಪ್ಪು ಹಾಕುವುದು ಬಹುಪಾಲು ಹೆಂಗಸರು, ಅದೂ ಮಂಡಿ ಸವೆದ ಹೆಂಗಸರು. ನಮ್ಮ ಪರಂಪರೆ ಕಾಯಕವನ್ನು ಎತ್ತಿ ಹಿಡಿದಿದೆ, ನಿಜ. ಮಾಡುವ ಕಾಯವನ್ನು ರಾತ್ರಿ ಮಲಗಲು ಬಿಡಬೇಕಾದ ಹೊಣೆಯನ್ನು ಮನೆಯವರು ಮರೆತರೆ ಅದು ಕಾಯಕಕ್ಕೆ ಗೌರವವಲ್ಲ. ಬೆಳೆ ಬರುವ ವಾರದಲ್ಲಿ ಗಂಡು ಮಕ್ಕಳು ಪಾಳಿಯ ಮೇಲೆ ಎದ್ದರೆ ಆ ತಾಯಂದಿರಿಗೆ ಆಗುವ ಲಾಭ ಯಾವ ಡಬ್ಬಿಯಿಂದಲೂ ಆಗದು. ಪಂಪ್‌ಸೆಟ್ಟಿಗೆ ಹಗಲು ಹೊತ್ತಿನಲ್ಲೇ ವಿದ್ಯುತ್ ಕೊಡಬೇಕೆಂಬ ರೈತರ ಬೇಡಿಕೆಯನ್ನು ನಾನು ಆರೋಗ್ಯದ ಬೇಡಿಕೆಯೆಂದೇ ಬೆಂಬಲಿಸುತ್ತೇನೆ.

‘ಕಾಲ’ದ ವಿಷಯ. ರಾತ್ರಿ ಎಂಟಕ್ಕೆ ಮುದ್ದೆ ಉಂಡು ಎಂಟೂವರೆಗೆ ಮಲಗಿ, ಎರಡೂವರೆಗೆ ಎಚ್ಚರವಾಗಿ, ‘ನಿದ್ರೆಯೇ ಇಲ್ಲ’ ಎಂದು ಹೇಳುವ ಹಿರಿಯರು ಬಹಳ. ಆರು ಗಂಟೆ ಮಲಗಿದ್ದಾರೆ. ಮಧ್ಯಾಹ್ನ ಜಗಲಿಯ ಮೇಲೆ ಇನ್ನೊಂದು ಗಂಟೆ ಆಗಿದೆ. ಇವರಿಗೆ ಬೇಕಾದದ್ದು ಹತ್ತು ಗಂಟೆಯವರೆಗೆ ಮಾತನಾಡುವ ಜೊತೆ. ಬೇಸಿಗೆ ಬಿಟ್ಟು ಉಳಿದ ಕಾಲದಲ್ಲಿ ಹಗಲು ನಿದ್ರೆ ಬೇಡ ಎನ್ನುವುದು ನಮ್ಮ ಶಾಸ್ತ್ರದ ಮಾತೂ ಹೌದು. ಹಬ್ಬದ ದಿನ ಗಸಗಸೆ ಪಾಯಸ ಉಂಡವರಿಗೆ ನಾನು ಅದನ್ನು ಹೇಳಲು ಹೋಗುವುದಿಲ್ಲ.

‘ವಿಕಾರ’ ಎಂಬುದರೊಳಗೆ ವೈದ್ಯನ ನಿಜವಾದ ಕೆಲಸವಿದೆ. ಮಲಗಿದಾಗ ಕಾಲೊಳಗೆ ಏನೋ ಹರಿದಾಡಿದಂತಾಗಿ, ಕಾಲು ಆಡಿಸದೆ ಇರಲಾಗದು ಎನ್ನುವ ಹೆಣ್ಣುಮಕ್ಕಳಿಗೆ ಕಬ್ಬಿಣಾಂಶದ ಪರೀಕ್ಷೆ ಮಾಡಿಸಿ. ಫೆರಿಟಿನ್ ತಳಕಂಡಿದ್ದರೆ ಮದ್ದು ಅಲ್ಲಿದೆ. ಪಾದ ಉರಿಯುವ ಮಧುಮೇಹಿಗೆ ನರದ ಚಿಕಿತ್ಸೆ ಬೇಕು. ಗಟ್ಟಿಯಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ ಎದ್ದು ಕೂರುವವರಿಗೆ ಯಾವ ನಿದ್ರೆಯ ಗುಳಿಗೆಯೂ ಕೂಡದು. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ಜೊತೆಗೂಡಿದರೆ ಉಸಿರೇ ನಿಂತೀತು. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಇರುತ್ತದೆ. ಮಲಗುವ ಮುನ್ನ ಅದನ್ನು ನುಂಗುವುದೂ ಒಂದು ಲೋಟ ಕಾಫಿ ಕುಡಿಯುವುದೂ ಒಂದೇ. ನೀರು ಹೋಗಿಸುವ ಬಿ.ಪಿ. ಮಾತ್ರೆಯನ್ನು ಸಂಜೆ ತೆಗೆದುಕೊಂಡು ರಾತ್ರಿ ನಾಲ್ಕು ಬಾರಿ ಏಳುವವರನ್ನೂ ಕಂಡಿದ್ದೇನೆ. ವೈದ್ಯರನ್ನು ಕೇಳಿ ಅದನ್ನು ಬೆಳಿಗ್ಗೆಗೆ ಬದಲಿಸಿಕೊಂಡರೆ ಸಾಕು.

ಚರಕ ಹೇಳುವ ಚಿಕಿತ್ಸೆಯ ಪಟ್ಟಿ ಓದಿದರೆ ಆಶ್ಚರ್ಯವಾಗುತ್ತದೆ. ಅದರಲ್ಲಿ ಗುಳಿಗೆಗಳಿಲ್ಲ. ಎಣ್ಣೆಯ ಅಭ್ಯಂಗ, ಸ್ನಾನ, ಮೈ ಒತ್ತುವುದು, ಹಾಲು, ತುಪ್ಪ, ಮೊಸರನ್ನ, ಮನಸ್ಸಿಗೆ ಹಿತವಾದ ಪರಿಮಳ ಮತ್ತು ಸದ್ದು, ಸುಖವಾದ ಹಾಸಿಗೆ, ನೆಮ್ಮದಿಯ ಮನೆ, ಸಕಾಲ. ಮಾಂಸರಸ, ಮದ್ಯಗಳ ಹೆಸರೂ ಬರುತ್ತದೆ. ಶ್ರೀಮಠದ ಪತ್ರಿಕೆಯಲ್ಲಿ ಅದನ್ನು ವಿವರಿಸಿ ಸಂಪಾದಕರನ್ನು ಇಕ್ಕಟ್ಟಿಗೆ ಸಿಲುಕಿಸಲಾರೆ. ಮದ್ಯ ಮೊದಲು ಮಂಪರು ತಂದು, ರಾತ್ರಿಯ ಉತ್ತರಾರ್ಧದಲ್ಲಿ ನಿದ್ರೆಯನ್ನು ಒಡೆಯುತ್ತದೆಂದು ಇಂದು ತಿಳಿದಿರುವುದರಿಂದ ಅದನ್ನು ಬಿಟ್ಟರೆ ನಷ್ಟವೂ ಇಲ್ಲ. ಹಾಲಿನಲ್ಲಿ ಎಮ್ಮೆಯ ಹಾಲನ್ನು ನಿದ್ರೆಯಿಲ್ಲದವರಿಗೆ ವಿಶೇಷವಾಗಿ ಹೇಳಿದೆ. ಗೆಜ್ಜಲಗೆರೆಯ ಡೇರಿಗೆ ಲೀಟರುಗಟ್ಟಲೆ ಹಾಲು ಹಾಕುವ ನಮ್ಮ ತಾಲ್ಲೂಕಿನಲ್ಲಿ ಹಾಕುವವರೇ ರಾತ್ರಿ ಒಂದು ಲೋಟ ಕುಡಿಯುವುದಿಲ್ಲ ಎಂಬುದು ನನ್ನ ಹಳೆಯ ಕೊರಗು. ಮಧುಮೇಹಿಗಳು ಸಕ್ಕರೆ ಹಾಕಬಾರದು. ಜಾಯಿಕಾಯಿ ಹಾಕುವವರು ಚಿಟಿಕೆ ಮೀರಬಾರದು, ಅತಿಯಾದರೆ ಅದು ವಿಷ.

ನನ್ನ ಅನುಭವದಲ್ಲಿ ನೋವಿನವರಿಗೆ ಹೆಚ್ಚು ಫಲ ಕೊಟ್ಟದ್ದು ಸಂಜೆಯ ಹೊತ್ತು. ಮಲಗುವುದಕ್ಕೆ ಒಂದೂವರೆ ಗಂಟೆ ಮೊದಲು ಮಂಡಿಗೂ ಅಂಗಾಲಿಗೂ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹುಯ್ದುಕೊಳ್ಳುವುದು. ಪಾದದ ಸ್ಪರ್ಶ ಕಳೆದುಕೊಂಡಿರುವ ಮಧುಮೇಹಿಗಳು ನೀರಿನ ಬಿಸಿಯನ್ನು ಬೇರೆಯವರ ಕೈಯಿಂದ ನೋಡಿಸಬೇಕು. ಮಗ್ಗುಲಾಗಿ ಮಲಗುವವರು ಎರಡು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳುವುದು. ಹಗಲು ಕುರ್ಚಿಯ ಮೇಲೆ ಕೂತು ಕಾಲನ್ನು ನೇರವಾಗಿ ಚಾಚಿ ಹತ್ತು ಎಣಿಸುವ ವ್ಯಾಯಾಮ. ತೊಡೆ ಗಟ್ಟಿಯಾದಷ್ಟೂ ಮಂಡಿಯ ಹೊರೆ ಇಳಿಯುತ್ತದೆ.

ಅಲೋಪತಿಯವರಿಂದ ನಾನು ಕಲಿತು, ಈಗ ನಿತ್ಯ ಹೇಳುತ್ತಿರುವ ಒಂದು ಕ್ರಮವಿದೆ. ನಿದ್ರಾಹೀನತೆಗಾಗಿಯೇ ರೂಪಿಸಿದ ವರ್ತನಾ ಚಿಕಿತ್ಸೆ ಅದು. 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು, ವಯಸ್ಕರಿಗೆಲ್ಲ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದಿತು. ದಿನವೂ ಒಂದೇ ಹೊತ್ತಿಗೆ ಏಳುವುದು, ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗುವುದು, ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು ಬೇರೆಡೆ ಕೂರುವುದು, ಹಾಸಿಗೆಯಲ್ಲಿ ಹಗಲು ಕಳೆಯದಿರುವುದು, ‘ಈ ರಾತ್ರಿಯೂ ಹೋಯಿತು’ ಎಂಬ ಯೋಚನೆಯನ್ನು ಹಗಲಿನಲ್ಲಿ ಯಾರೊಡನಾದರೂ ಮಾತನಾಡಿ ಸಡಿಲಿಸುವುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 60 ದಾಟಿದ, ಸಂಧಿ ಸವೆತದ ನೋವೂ ನಿದ್ರಾಹೀನತೆಯೂ ಇದ್ದ 327 ಮಂದಿಯ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಎಂಟು ವಾರಗಳಲ್ಲಿ ಆರು ಬಾರಿ, ಫೋನಿನಲ್ಲೇ ಈ ಚಿಕಿತ್ಸೆಯನ್ನು ಕಲಿಸಿದ್ದರು. ವರ್ಷದ ನಂತರವೂ ಅವರ ನಿದ್ರೆಯ ಸುಧಾರಣೆ ಉಳಿದಿತ್ತು. ನೋವಿನ ಮೇಲಿನ ಪರಿಣಾಮ ಅಷ್ಟು ದಿನ ಉಳಿಯಲಿಲ್ಲ, ಅದನ್ನೂ ಮುಚ್ಚಿಡಬಾರದು. ಫೋನು ನಮ್ಮ ಪ್ರತಿ ಹಟ್ಟಿಯಲ್ಲೂ ಇದೆ. ಕನ್ನಡದಲ್ಲಿ, ನಮ್ಮ ಜನರ ಮಾತಿನಲ್ಲಿ, ಶ್ರೀಮಠದ ಶಿಬಿರಕ್ಕೆ ಬರುವ ಐವತ್ತು ಹಿರಿಯರಿಗಾದರೂ ಇದನ್ನು ಮಾಡಿ ನೋಡಬಹುದಲ್ಲವೇ? ತರಬೇತಿ ಪಡೆದ ಇಬ್ಬರು ಸ್ವಯಂಸೇವಕರು ಸಾಕು. ಈ ಸಲಹೆಯನ್ನು ಪೂಜ್ಯರ ಮುಂದಿಡುವವನಿದ್ದೇನೆ. ಮನಸ್ಸು ತೀರಾ ಕುಗ್ಗಿದವರು, ಬದುಕು ಸಾಕೆನಿಸಿದವರು ಅಷ್ಟು ದಿನ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಳವಳ್ಳಿಯ ಆ ತಾಯಿ ಹೋದ ತಿಂಗಳು ಬಂದಿದ್ದರು. ಸ್ಟೀರಾಯ್ಡ್ ಇಳಿಸುವುದು ಮುಗಿದಿದೆ, ಮುಖದ ಊತ ಇಳಿದಿದೆ. ಮಂಡಿ ನೋವು ಮರಳಿದೆ; ಮೊದಲ ಎರಡು ತಿಂಗಳು ನನ್ನನ್ನು ಬೈದುಕೊಂಡರಂತೆ, ಅದನ್ನು ಅವರೇ ನಗುತ್ತಾ ಹೇಳಿದರು. ರಾತ್ರಿ ಹತ್ತಕ್ಕೆ ಮಲಗಿ ಮೂರರವರೆಗೆ ನಿದ್ರೆ ಬರುತ್ತಿದೆ. ಬೆಳೆ ಬರುವ ವಾರ ಬಂದರೆ ಅದೂ ಇಲ್ಲ. ಮಗ ಈಗ ಗಮ್ಮಿ ಕಳುಹಿಸುವುದಿಲ್ಲ. ನಾಲ್ಕನೆಯ ಜ್ವರ ಎದ್ದ ವಾರ ರಜೆ ಹಾಕಿ ಊರಿಗೆ ಬಂದು, ನಡುರಾತ್ರಿಯ ಸೊಪ್ಪನ್ನು ತಾನೇ ಹಾಕುತ್ತಾನಂತೆ. ಚೀಲದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ, ಎಣ್ಣೆಯ ಸೀಸೆ ಇದ್ದವು. ತಳದಲ್ಲಿ ಇನ್ನೂ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದೆ, ನನಗೆಂದು ತಂದ ಹುರಿಗಡಲೆ ಬೆಲ್ಲ.